ಉಪಗೂಹನವೂ ಸ್ಥಿತಿಕರಣವೂ

ಜೈನ ಮನೆಗಳ ಮಕ್ಕಳು ಸಪ್ತವ್ಯಸನಗಳ ಹೆಸರನ್ನು ಎಳವೆಯಲ್ಲಿಯೇ ಕಲಿಯುತ್ತಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಹೇಳುತ್ತದೆ. ಇಂಥ ಸಮಾಜದಲ್ಲಿ ಕುಡಿತಕ್ಕೆ ಸಿಲುಕಿದವನಿಗೆ ರೋಗದ ಭಾರದ ಮೇಲೆ ಲಜ್ಜೆಯ ಭಾರವೂ ಬೀಳುತ್ತದೆ.

ದಕ್ಷಿಣ ಕನ್ನಡದ ಗೃಹಸ್ಥರೊಬ್ಬರ ಕುಡಿತವನ್ನು ಮನೆಯವರು ಹಲವು ವರ್ಷ ಮುಚ್ಚಿಟ್ಟರು. ಮಗಳ ಮದುವೆಗೆ ಅಡ್ಡಿಯಾದೀತೆಂದು ವೈದ್ಯರ ಬಳಿಗೂ ಒಯ್ಯಲಿಲ್ಲ. ಕಡೆಗೆ ದಶಲಕ್ಷಣ ಪರ್ವದ ಮೊದಲ ದಿನ ಬಸದಿಯಲ್ಲಿ ಪ್ರತಿಜ್ಞೆ ಮಾಡಿಸಿ, ಅಂದೇ ಉಪವಾಸಕ್ಕೂ ಕೂರಿಸಿದರು. ಮರುದಿನ ಅವರು ಸೆಳವು ಬಂದು ಬಿದ್ದರು. ಪಾಪದ ಫಲವೆಂದು ಕೆಲವರು ಆಡಿಕೊಂಡರು.

ಅದು ಪಾಪದ ಫಲವಲ್ಲ, ಶರೀರದ ಧರ್ಮ. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 48 ಗಂಟೆಗಳೊಳಗೆ ಸೆಳವು ಬರಬಹುದು. ಎರಡು ಮೂರು ದಿನಗಳಲ್ಲಿ ಸನ್ನಿಯಂಥ ಭ್ರಮೆಯೂ ತಲೆದೋರಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೇ ಹೋದೀತು. ಥಯಾಮಿನ್ ಎಂಬ ಜೀವಸತ್ವ ಮೊದಲೇ ಕುಗ್ಗಿರುವ ದೇಹಕ್ಕೆ ಉಪವಾಸವು ಇನ್ನಷ್ಟು ಅಪಾಯವನ್ನು ತರುತ್ತದೆ. ವ್ರತವು ಶ್ರೇಷ್ಠವೇ, ಆದರೆ ಇಲ್ಲಿ ವೈದ್ಯನು ಮೊದಲು ಬರಬೇಕು, ವ್ರತವು ಅನಂತರ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದು, ಸ್ಥಿತಿಕರಣ ಇನ್ನೊಂದು. ಮೊದಲನೆಯದು ಪರರ ದೋಷವನ್ನು ಸಾರದಿರುವುದು. ಎರಡನೆಯದು ಜಾರಿದವನನ್ನು ಮತ್ತೆ ನೆಲೆಗೊಳಿಸುವುದು. ಆ ಮನೆಯವರು ಮೊದಲನೆಯದನ್ನು ಮಾತ್ರ ಪಾಲಿಸಿದರು. ಊರಿಗೆ ಹೇಳದಿರುವುದು ಉಪಗೂಹನ. ವೈದ್ಯನಿಗೂ ಹೇಳದಿರುವುದು ರೋಗಿಯನ್ನು ಕೈಬಿಟ್ಟಂತೆ. ಸ್ಥಿತಿಕರಣಕ್ಕೆ ನಿದರ್ಶನನಾದ ವಾರಿಷೇಣ ಮುನಿಯು, ಮನೆಯ ನೆನಪಿನಲ್ಲಿ ಚಂಚಲನಾದ ಜೊತೆಯ ಮುನಿಯನ್ನು ನಿಂದಿಸಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದುದನ್ನು ತೋರಿಸಿ, ಅವನ ಮನಸ್ಸನ್ನು ತಿರುಗಿಸಿದನು.

ಚಿಕಿತ್ಸಕರೂ ರೋಗಿಯ ಆಚಾರವನ್ನು ಅರಿಯಬೇಕು. ಜಿಲೆಟಿನ್ ಕವಚದ ಔಷಧಿಗೆ ಹಿಂಜರಿಯುವವನಿಗೆ ಮಾತ್ರೆ ಇದೆಯೇ, ರಾತ್ರಿಭೋಜನ ತ್ಯಜಿಸಿದವನು ರಾತ್ರಿಯ ಔಷಧಿಯನ್ನು ತಪ್ಪಿಸುತ್ತಿರುವನೇ ಎಂದು ಕೇಳಿ ತಿಳಿಯಬೇಕು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳ ಹನ್ನೆರಡು ಹೆಜ್ಜೆಗಳಲ್ಲಿ ದೇವರಿಗೆ ತನ್ನನ್ನು ಒಪ್ಪಿಸುವ ಮಾತಿದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನು ಅಲ್ಲಿ ತಡವರಿಸಿದರೆ ಅದನ್ನು ಹಟವೆನ್ನಲಾಗದು. ಆದರೆ ತಪ್ಪನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವ ಹೆಜ್ಜೆ ಅವನ ಆಲೋಚನೆಗೆ ಸಮೀಪವಾದುದು. ಇಂದು ಒಂದು ದಿನ ಕುಡಿಯೆನೆಂಬ ಅವರ ರೂಢಿಯೂ ಅವನಿಗೆ ಹೊಸದಲ್ಲ. ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವದ್ದನ್ನು ಯಮವೆಂದೂ ಸಮಂತಭದ್ರರು ವಿಂಗಡಿಸಿದ್ದಾರೆ. ಯಮದ ಭಾರಕ್ಕೆ ಅಂಜುವವನು ಪ್ರತಿ ಬೆಳಿಗ್ಗೆ ಒಂದು ನಿಯಮವನ್ನು ಹಿಡಿಯಬಲ್ಲನು.

ಮದ್ಯವರ್ಜನವನ್ನು ಸಮಾಜವೇ ಕೈಗೆತ್ತಿಕೊಳ್ಳುವ ಪದ್ಧತಿ ನಮ್ಮ ನಾಡಿಗೆ ಅಪರಿಚಿತವಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆದ ಶಿಬಿರಗಳು ಕುಡುಕನೊಡನೆ ಅವನ ಕುಟುಂಬವನ್ನೂ ಸೇರಿಸಿಕೊಂಡವು. ಆದರೆ ಶಿಬಿರ ಮುಗಿದ ಮೇಲೆ ಅವನು ಮರಳುವುದು ತನ್ನ ಬೀದಿಗೇ, ತನ್ನ ಬಸದಿಗೇ. ಅಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರು ಇರುವರೇ? ಮತ್ತೆ ಜಾರಿದರೆ ಮತ್ತೆ ಎತ್ತುವವರು ಇರುವರೇ? ಸಾಧರ್ಮಿ ವಾತ್ಸಲ್ಯಕ್ಕೆ ಇದಕ್ಕಿಂತ ಕಠಿಣವಾದ ಒರೆಗಲ್ಲು ಇರಲಾರದು.