ಹಚ್ಚದ ಕಡ್ಡಿಯ ಹೊಣೆ

ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳಿಗೆ ದೊರೆತಷ್ಟು ಗಮನ ಗುಣವ್ರತಗಳಿಗೆ ದೊರೆತಿಲ್ಲ. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ ಎಂಬ ಐದು ಹೆಸರುಗಳನ್ನು ಪಾಠಶಾಲೆಯ ಬಾಲಕನೂ ಒಂದೇ ಉಸಿರಿನಲ್ಲಿ ಹೇಳಬಲ್ಲನು. ಅನರ್ಥದಂಡವ್ರತವೆಂದರೇನೆಂದು ಕೇಳಿದರೆ ಹಿರಿಯರೂ ಕ್ಷಣಕಾಲ ತಡೆಯುತ್ತಾರೆ. ಪ್ರಯೋಜನವಿಲ್ಲದ ಪಾಪಕ್ರಿಯೆಯಿಂದ ಹಿಂದೆಗೆಯುವುದೇ ಆ ವ್ರತವೆಂದು ಹೇಳಿಬಿಡುವುದು ಸುಲಭ. ಯಾವುದು ಪ್ರಯೋಜನ, ಯಾವುದು ಅಲ್ಲ ಎಂಬ ತೀರ್ಮಾನವೇ ಕಠಿಣವಾದುದು. ಹಾರೋಹಳ್ಳಿಯ ಒಂದು ದಿನಸಿ ಅಂಗಡಿಯಲ್ಲಿ ಫಾಲ್ಗುಣ ಮಾಸದ ಒಂದು ಸಂಜೆ ಅಜ್ಜ ಮೊಮ್ಮಗರ ನಡುವೆ ನಡೆದ ಮಾತುಕತೆ ಈ ತೀರ್ಮಾನಕ್ಕೆ ಸಂಬಂಧಿಸಿದ್ದು.

ಬೆಂಗಳೂರು–ಕನಕಪುರ ಹೆದ್ದಾರಿಯ ಹಾರೋಹಳ್ಳಿಯನ್ನು ಇಂದು ಕೈಗಾರಿಕಾ ಪ್ರದೇಶವೆಂದೇ ಹೆಚ್ಚು ಜನ ಬಲ್ಲರು. ಆದರೆ ಊರಿನಿಂದ ತುಸು ದೂರದಲ್ಲಿಯೇ ಕಾಡು ಆರಂಭವಾಗುತ್ತದೆ. 1974ರಲ್ಲಿ ಘೋಷಿತವಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಲಯಗಳಲ್ಲಿ ಹಾರೋಹಳ್ಳಿಯದೂ ಒಂದು. ದಕ್ಷಿಣಕ್ಕೆ ಸಾಗಿದರೆ 1987ರಲ್ಲಿ ರಚಿತವಾದ ಕಾವೇರಿ ವನ್ಯಜೀವಿಧಾಮವಿದೆ. ಇದು ಎಲೆಯುದುರುವ ಒಣ ಕಾಡು. ಜಾಲಾರಿ, ದಿಂಡಿಗ, ಕಮರ, ಬಿದಿರುಗಳು ಮಾಘದ ಹೊತ್ತಿಗೆ ಎಲೆ ಚೆಲ್ಲಿ ನಿಲ್ಲುತ್ತವೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎಂಬ ಮಾತಿದೆಯಷ್ಟೆ; ಆ ಬಳಿಕ ಮಳೆ ಬೀಳುವವರೆಗೆ ನೆಲವೆಲ್ಲ ತರಗೆಲೆ, ಒಣಹುಲ್ಲು, ಒಣಗಿದ ಲಂಟಾನ. ಒಂದು ಕಿಡಿಗೆ ಕಾದಿರುವ ಉಗ್ರಾಣವೆಂದರೂ ಸಲ್ಲುತ್ತದೆ.

ಆ ಅಂಗಡಿಯ ಯಜಮಾನರು ಎಪ್ಪತ್ತು ದಾಟಿದವರು. ಸೂರ್ಯಾಸ್ತಕ್ಕೆ ಮೊದಲು ಊಟ, ಕಾಯಿಸಿ ಆರಿಸಿದ ನೀರು, ನಿತ್ಯ ಸ್ವಾಧ್ಯಾಯ ಅವರ ನಿಯಮ. ಮೊಮ್ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು. ಹಿಂದಿನ ವರ್ಷ ಹಿಮಾಲಯದಲ್ಲಿ ಪರ್ವತಾರೋಹಣದ ಶಿಬಿರವೊಂದನ್ನು ಮುಗಿಸಿ ಬಂದಿದ್ದ ಉತ್ಸಾಹಿ ತರುಣ. ಇಲಾಖೆಯ ಅನುಮತಿ ಪಡೆದು, ಕಾವಲುಗಾರನೊಬ್ಬನ ಜೊತೆಯಲ್ಲಿ, ಮೂವರು ಗೆಳೆಯರೊಂದಿಗೆ ಬೆಳಗಿನ ಜಾವ ಬೆಟ್ಟವೊಂದನ್ನು ಏರುವುದೆಂದು ನಿಶ್ಚಯಿಸಿ ಅಜ್ಜನ ಮನೆಗೆ ಬಂದಿದ್ದನು. ಬೆಂಕಿಪೊಟ್ಟಣ, ಲೈಟರ್ ಒಯ್ಯಬಾರದೆಂಬುದು ಅನುಮತಿಯ ಷರತ್ತು. ಆದರೂ ಚೀಲವನ್ನು ಅಣಿಗೊಳಿಸುವಾಗ ಆತನು ಔಷಧಗಳ ಡಬ್ಬಿಯ ತಳದಲ್ಲಿ ಒಂದು ಲೈಟರನ್ನೂ, ಉಜ್ಜಿದರೆ ಕಿಡಿ ಹಾರುವ ಲೋಹದ ಕಡ್ಡಿಯನ್ನೂ, ವ್ಯಾಸಲೀನ್ ಸವರಿದ ಹತ್ತಿಯ ಉಂಡೆಗಳನ್ನೂ ಇರಿಸಿದ್ದು ಅಜ್ಜನ ಕಣ್ಣಿಗೆ ಬಿದ್ದಿತು.

“ಇದೇನಪ್ಪಾ?” ಎಂದು ಅವರು ಕೇಳಿದರು.

“ಹಚ್ಚೋದಕ್ಕಲ್ಲ ತಾತ. ಆಪತ್ತು ಬಂದರೆ ಇರಲಿ ಅಂತ. ಕಾಡಿಗೆ ಹೋಗುವವರು ಬೆಂಕಿ ಮಾಡುವ ಸಾಧನ ಬಿಟ್ಟು ಹೋಗಬಾರದು ಅಂತ ಶಿಬಿರದಲ್ಲಿ ಹೇಳಿಕೊಟ್ಟಿದ್ದಾರೆ.”

ಅಜ್ಜ ಗದರಲಿಲ್ಲ. ಗದರಿದ್ದರೆ ಲೈಟರು ಡಬ್ಬಿಯಿಂದ ಜೇಬಿಗೆ ಹೋಗುತ್ತಿತ್ತು, ಅಷ್ಟೆ. ವಾದವನ್ನು ಪೂರ್ಣವಾಗಿ ಹೇಳೆಂದರು. ಮೊಮ್ಮಗನ ವಾದವು ಮೂರು ಅಂಶಗಳದ್ದಾಗಿತ್ತು. ಹಚ್ಚದಿರುವ ಬೆಂಕಿಯಿಂದ ಯಾವ ಜೀವಕ್ಕೂ ಬಾಧೆಯಿಲ್ಲ. ಪ್ರಮಾದವಿದ್ದಲ್ಲಿ ಮಾತ್ರ ಹಿಂಸೆಯೆಂದು ತಾತನೇ ಹೇಳಿಕೊಟ್ಟಿದ್ದಾರೆ, ತಾನಾದರೋ ಜಾಗರೂಕನು. ಮನುಷ್ಯನ ಪ್ರಾಣವೇ ಹೋಗುವಂತಿದ್ದರೆ ಕಾನೂನೂ ಧರ್ಮವೂ ಬೆಂಕಿಯನ್ನು ಬೇಡವೆನ್ನಲಾರವು.

ಈ ವಾದವು ಹಗುರವಾದುದಲ್ಲ. ಕಾನೂನನ್ನೇ ನೋಡಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ಪ್ರಕರಣವು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. 1927ರ ಭಾರತೀಯ ಅರಣ್ಯ ಕಾಯಿದೆಯ 26ನೆಯ ಪ್ರಕರಣವು ಒಂದು ಹೆಜ್ಜೆ ಮುಂದೆ ಹೋಗಿ, ಅನುಮತಿಸಿದ ಋತುವಿನ ಹೊರತು ಮೀಸಲು ಅರಣ್ಯದಲ್ಲಿ ಬೆಂಕಿಯನ್ನು ಒಯ್ಯುವುದನ್ನೂ ಅಪರಾಧವೆಂದು ಎಣಿಸಿದೆ. ಉರಿಯುವ ಕೊಳ್ಳಿಯನ್ನು ಒಯ್ಯುವುದಕ್ಕೂ ಉರಿಯದ ಕಡ್ಡಿಯನ್ನು ಒಯ್ಯುವುದಕ್ಕೂ ಅಂತರವಿದೆಯೆಂದು ವಕೀಲನು ವಾದಿಸಬಹುದು. ಆ ಅಂತರ ಶ್ರಾವಕನಿಗೂ ಸಲ್ಲುತ್ತದೆಯೆ ಎಂಬುದೇ ಪ್ರಶ್ನೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಆ ಉಪಕರಣಗಳ ಸಾಲಿನಲ್ಲಿ ಕೊಡಲಿ, ಖಡ್ಗಗಳೊಡನೆ ಬೆಂಕಿಯನ್ನೂ ಅವರು ಸೇರಿಸಿದ್ದಾರೆಂಬುದು ಗಮನಾರ್ಹ. ಪ್ರಮಾದಚರ್ಯೆಯನ್ನು ವಿವರಿಸುವಾಗಲೂ ನಿಷ್ಫಲವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನೂ, ಸುಮ್ಮನೆ ಅಲೆಯುವುದನ್ನೂ ಒಟ್ಟಿಗೆ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಜೀವ ವಸ್ತುವೂ ಆಸ್ರವಕ್ಕೆ ಅಧಿಕರಣವಾಗುವುದೆಂದು ತಿಳಿಸುತ್ತದೆ. ವಸ್ತುವನ್ನು ಇರಿಸುವ ಕ್ರಿಯೆಯಾದ ನಿಕ್ಷೇಪದಲ್ಲಿ ಟೀಕಾಕಾರರು ನಾಲ್ಕು ದೋಷಗಳನ್ನು ಕಂಡಿದ್ದಾರೆ: ನೋಡದೆ ಇಡುವುದು, ಸರಿಯಾಗಿ ಶುದ್ಧಿಗೊಳಿಸದೆ ಇಡುವುದು, ಅವಸರದಿಂದ ಇಡುವುದು, ಲಕ್ಷ್ಯವಿಲ್ಲದೆ ಇಡುವುದು. ಬೀಡಿಯ ತುಂಡನ್ನು ತರಗೆಲೆಯ ಮೇಲೆ ಎಸೆದು ನಡೆಯುವವನಲ್ಲಿ ಈ ನಾಲ್ಕೂ ಕೂಡಿರುತ್ತವೆ.

“ನೀನು ಜಾಗರೂಕ ಅನ್ನೋದು ನಿಜ ಮಗು,” ಎಂದರು ಅಜ್ಜ. “ಆದರೆ ಈ ಚೀಲ ತುಂಬುತ್ತಾ ಇರೋನು ಒಬ್ಬ, ಅದನ್ನು ಬಿಚ್ಚೋನು ಇನ್ನೊಬ್ಬ.”

ಮೊಮ್ಮಗನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಆಪತ್ತಿಗೆಂದು ಇರಿಸಿದ ವಸ್ತುವನ್ನು ಇರಿಸುವಾಗ ಮನುಷ್ಯನು ಮನೆಯ ದೀಪದ ಕೆಳಗೆ ಸಮಾಧಾನಚಿತ್ತನಾಗಿ ಕುಳಿತಿರುತ್ತಾನೆ. ತೆಗೆಯುವಾಗ ದಾರಿ ತಪ್ಪಿ, ಬಾಯಾರಿ, ಕತ್ತಲಲ್ಲಿ ಆನೆಯ ಸದ್ದಿಗೆ ಹೆದರಿ ನಿಂತಿರುತ್ತಾನೆ. ಮೊದಲಿನವನ ಅಪ್ರಮಾದವನ್ನು ಎರಡನೆಯವನ ಹೆಸರಿಗೆ ಜಮಾ ಮಾಡಲಾಗದು. ಆಪತ್ತಿನ ಸಾಧನವನ್ನು ಒಯ್ಯುವುದೆಂದರೆ, ಭಯಗ್ರಸ್ತನಾಗಲಿರುವ ತನಗೇ ತಾನು ಮಾಡುವ ಹಿಂಸಾದಾನ.

ಹಾಗಾದರೆ ಮನುಷ್ಯನ ಪ್ರಾಣಕ್ಕೆ ಬೆಲೆಯಿಲ್ಲವೆ? ಇದೆ. ಗೃಹಸ್ಥನಿಗೆ ಆರಂಭಿ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದೆಂದು ಶಾಸ್ತ್ರವೇ ಒಪ್ಪಿರುವಾಗ, ಹಿಮದಲ್ಲಿ ನಡುಗುವವನ ಬೆಂಕಿಯನ್ನು ಆಕ್ಷೇಪಿಸುವವರಾರು? ಆದರೆ ಯಾವ ವಸ್ತುವನ್ನಾದರೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಪರೀಕ್ಷಿಸಬೇಕೆಂಬುದು ಜೈನರ ಪದ್ಧತಿ. ದ್ರವ್ಯವು ಒಂದೇ ಲೈಟರು. ಹಿಮಾಲಯವೆಂಬ ಕ್ಷೇತ್ರದಲ್ಲಿ ಚಳಿಯೇ ಕೊಲ್ಲುತ್ತದೆ. ಅಲ್ಲಿ ಅದಕ್ಕೆ ಅರ್ಥವಿದೆ. ಹಾರೋಹಳ್ಳಿಯ ಕಾಡಿನಲ್ಲಿ, ಫಾಲ್ಗುಣ ಚೈತ್ರಗಳಲ್ಲಿ, ಚಳಿಯಿಂದ ಸಾಯುವವರಿಲ್ಲ. ಒಂದು ಹೊದಿಕೆ ಸಾಕು. ಇಲ್ಲಿಯ ಆಪತ್ತುಗಳು ಬಿಸಿಲು, ದಾಹ, ಹಾವು, ಆನೆ, ಕಾಲು ಉಳುಕು. ಇವುಗಳಲ್ಲಿ ಯಾವುದಕ್ಕೂ ಬೆಂಕಿಯು ಮದ್ದಲ್ಲ. ದಾರಿ ತಪ್ಪಿದವನು ಗುರುತಿಗೆಂದು ಹೊಗೆ ಎಬ್ಬಿಸಿದರೆ, ಹುಡುಕಿ ಬರುವವರಿಗಿಂತ ಮೊದಲು ಉರಿಯೇ ಅವನನ್ನು ತಲಪೀತು. ಇಳಿಜಾರಿನಲ್ಲಿ ಜ್ವಾಲೆಯು ತನ್ನ ಮೇಲಿನ ಹುಲ್ಲನ್ನು ಮುಂಚಿತವಾಗಿಯೇ ಕಾಯಿಸುವುದರಿಂದ ಬೆಟ್ಟದಲ್ಲಿ ಬೆಂಕಿಯು ಮನುಷ್ಯನಿಗಿಂತ ವೇಗವಾಗಿ ಏರುತ್ತದೆ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಅಸುನೀಗಿದರು.

ಕರ್ನಾಟಕದ ಅನುಭವವೂ ಕಹಿಯಾದುದೇ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿಯನ್ನು ನಂದಿಸಲು ಹೋದ ಅರಣ್ಯ ರಕ್ಷಕನೊಬ್ಬನು ಅಲ್ಲಿಯೇ ಪ್ರಾಣ ತೆತ್ತನು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದಲ್ಲಿ, ಉಪಗ್ರಹ ಚಿತ್ರಗಳ ಅಂದಾಜಿನಂತೆ, ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಕಾಡು ಸುಟ್ಟಿತು. ಕಾಳ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟುವುವು. ಆನೆ, ಜಿಂಕೆಗಳು ಓಡಬಲ್ಲವು. ಆಮೆ ಓಡದು, ನೆಲದಲ್ಲಿಟ್ಟ ಕೌಜುಗದ ಮೊಟ್ಟೆ ಓಡದು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವರಾಶಿಗೆ ಅಲ್ಲಿ ಎಣಿಕೆಯಿಲ್ಲ. ಉರಿಯುವ ಬೆಂಕಿಯೇ ಅಗ್ನಿಕಾಯಿಕ ಜೀವಗಳ ಶರೀರವೆಂದು ನಂಬುವವರಿಗಂತೂ ಲೆಕ್ಕವು ಇನ್ನೂ ದೊಡ್ಡದು.

“ಹಾಗಿದ್ದರೆ ಇಲಾಖೆಯವರೇ ಬೆಂಕಿರೇಖೆ ಅಂತ ಸುಡುತ್ತಾರಲ್ಲ ತಾತ?” ಎಂದು ಮೊಮ್ಮಗನು ಕೇಳಿದನು. ಕೇಳಬೇಕಾದ ಪ್ರಶ್ನೆಯೇ. ಬೇಸಗೆ ಬಲಿಯುವ ಮೊದಲೇ, ಆಳುಗಳು ಹಸಿಸೊಪ್ಪು ಹಿಡಿದು ನಿಂತು, ಅಳತೆ ಹಾಕಿದ ಪಟ್ಟಿಯನ್ನು ಸುಡುವುದು ಹೆಚ್ಚಿನ ಹಾನಿಯನ್ನು ತಡೆಯುವುದಕ್ಕಾಗಿ. ಅಲ್ಲಿ ಅರ್ಥವಿದೆ, ಯತ್ನಾಚಾರವಿದೆ, ಆರಿಸುವ ಕೈಗಳಿವೆ. ಒಂಟಿಯಾಗಿ ಹೆದರಿ ನಿಂತವನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಇಷ್ಟಾದರೂ ತರುಣನು ಸುಮ್ಮನೆ ಕುಳಿತಿದ್ದನು. ಆಗ ಆ ಹಿರಿಯರು ಐವತ್ತು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು. ಇಪ್ಪತ್ತರ ವಯಸ್ಸಿನಲ್ಲಿ ಅವರು ನಾಲ್ವರು ಗೆಳೆಯರೊಂದಿಗೆ ಬೇಸಗೆಯಲ್ಲಿ ಸಂಗಮದ ಕಡೆಗೆ ಹೋಗಿದ್ದರು. ಕಾಡಂಚಿನಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿದರು. ಹೊರಡುವಾಗ ಕೆಂಡದ ಮೇಲೆ ಎರಡು ಚೊಂಬು ನೀರು ಸುರಿದರು, ಬುಸ್ಸೆಂದು ಹೊಗೆ ಎದ್ದು ನಿಂತಿತು, ಆರಿತೆಂದುಕೊಂಡರು. ಮಣ್ಣಿನೊಳಗಿನ ಒಣಬೇರು, ಆನೆಯ ಲದ್ದಿ, ಬೂದಿಯ ಕೆಳಗಿನ ಕೆಂಡ ಗಂಟೆಗಟ್ಟಲೆ ಕನಲುತ್ತಿರಬಲ್ಲವೆಂಬುದು ಅಂದು ಅವರಿಗೆ ತಿಳಿದಿರಲಿಲ್ಲ. ಮರುದಿನ ಬಸ್ಸಿನಲ್ಲಿ ಹಿಂದಿರುಗುವಾಗ ಆ ದಿಕ್ಕಿನ ಬೆಟ್ಟದ ಮೇಲೆ ಹೊಗೆ ಕಂಡಿತು. ಅದು ತಮ್ಮ ಒಲೆಯದೋ, ಇನ್ನಾರದೋ ಕೃತ್ಯವೋ ತಿಳಿಯಲಿಲ್ಲ. ಬಸ್ಸು ನಿಲ್ಲಿಸಲಿಲ್ಲ; ಯಾರನ್ನೂ ವಿಚಾರಿಸಲಿಲ್ಲ; ಗೆಳೆಯರು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

“ನಾವೇ ಸುಟ್ಟೆವು ಅಂತ ಗೊತ್ತಾಗಿದ್ದರೆ ಪ್ರಾಯಶ್ಚಿತ್ತ ಕೇಳಬಹುದಿತ್ತು. ಅಲ್ಲ ಅಂತ ಗೊತ್ತಾಗಿದ್ದರೆ ನಿದ್ದೆ ಮಾಡಬಹುದಿತ್ತು. ವಿಚಾರಿಸಲೇ ಇಲ್ಲ ನೋಡು, ಅದೇ ಉಳಿದುಕೊಂಡಿದೆ,” ಎಂದರು. ಪ್ರತಿಕ್ರಮಣಕ್ಕೆ ಕುಳಿತಾಗಲೆಲ್ಲ ಆ ಹೊಗೆ ಕಣ್ಣ ಮುಂದೆ ಬರುತ್ತದೆಂದೂ ಹೇಳಿದರು.

ಮೊಮ್ಮಗನು ಡಬ್ಬಿಯ ತಳದಿಂದ ಲೈಟರನ್ನೂ ಲೋಹದ ಕಡ್ಡಿಯನ್ನೂ ಹತ್ತಿಯ ಉಂಡೆಗಳನ್ನೂ ತೆಗೆದು ಅಂಗಡಿಯ ಮೇಜಿನ ಮೇಲೆ ಇಟ್ಟನು. ಬದಲಿಗೆ ಏನನ್ನು ಒಯ್ಯಬೇಕೆಂದು ಇಬ್ಬರೂ ಕೂಡಿ ಪಟ್ಟಿ ಮಾಡಿದರು: ಒಂದು ಸೀಟಿ, ಟಾರ್ಚು ಮತ್ತು ಅದಕ್ಕೆ ಮಿಗಿಲು ಸೆಲ್ಲುಗಳು, ಒಂದು ಸಣ್ಣ ಕನ್ನಡಿ, ಹೊದಿಕೆ, ತುರ್ತು ಕರೆಯ 112 ಸಂಖ್ಯೆ, ಹಿಂದಿರುಗುವ ವೇಳೆಯನ್ನು ಬರೆದು ಮನೆಯಲ್ಲಿ ಬಿಟ್ಟ ಚೀಟಿ. ಸೀಟಿಯನ್ನು ಮೂರು ಬಾರಿ ಊದಿ ನಿಲ್ಲಿಸಿ ಮತ್ತೆ ಊದಿದರೆ ಸಹಾಯದ ಕೂಗೆಂದು ಚಾರಣಿಗರು ತಿಳಿಯುತ್ತಾರೆ. ನೀರನ್ನು ಮನೆಯಲ್ಲಿಯೇ ಚೆನ್ನಾಗಿ ಕುದಿಸಿ ಒಯ್ದರೆ ಇಪ್ಪತ್ತನಾಲ್ಕು ಗಂಟೆ ಪ್ರಾಸುಕವೆಂಬ ಮರ್ಯಾದೆಯಿದೆ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವವನಿಗೆ ಕಾಡಿನಲ್ಲಿ ರಾತ್ರಿ ಒಲೆಯ ಹಂಗಿಲ್ಲ. ಹಳೆಯ ನಿಯಮಗಳು ಹೊಸ ಕಾಲದಲ್ಲಿ ಎಷ್ಟು ಸಹಜವಾಗಿ ಒದಗುತ್ತವೆಂಬುದನ್ನು ಕಂಡು ಅಜ್ಜನಿಗೆ ಸಂತೋಷವಾಯಿತು.

ಆ ಸಂತೋಷವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೇಜಿನ ಹಿಂದಿನ ಅಟ್ಟಣಿಗೆಯಲ್ಲಿ ಬೆಂಕಿಪೊಟ್ಟಣಗಳ ಕಟ್ಟುಗಳಿದ್ದವು. ಮೊಮ್ಮಗನು ಅವುಗಳನ್ನು ನೋಡಿ, “ತಾತ, ಬೈಕಿನಲ್ಲಿ ಬೆಟ್ಟಕ್ಕೆ ಹೋಗೋರು ಬಂದು ಕೇಳಿದರೆ ಕೊಡುತ್ತೀರಲ್ಲ, ಅದು ಹಿಂಸಾದಾನ ಅಲ್ಲವಾ?” ಎಂದನು.

ವರ್ತಕರು ಕೂಡಲೇ ಉತ್ತರಿಸಲಿಲ್ಲ. ಮನೆಯ ಒಲೆಗೆ, ದೇವರ ದೀಪಕ್ಕೆ ಬೆಂಕಿಪೊಟ್ಟಣ ಬೇಕು. ಅದರ ಮಾರಾಟವನ್ನೇ ಬಿಟ್ಟರೆ ಊರಿಗೆ ತೊಂದರೆ, ಪಕ್ಕದ ಅಂಗಡಿಗೆ ಲಾಭ, ಕಾಡಿಗೆ ಉಪಕಾರವಿಲ್ಲ. ಕೊಳ್ಳುವವನ ಮನಸ್ಸನ್ನು ಅಳೆಯಲು ತಕ್ಕಡಿಯೂ ಇಲ್ಲ. ಆದರೂ ಪ್ರಶ್ನೆಯು ಹೋಗಲಿಲ್ಲ. ಮರುದಿನದಿಂದ ಅವರು ಒಂದು ಸಣ್ಣ ನಿಯಮವನ್ನು ಕೈಗೊಂಡರು. ಶಿವರಾತ್ರಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ, ಬೆನ್ನಚೀಲ ಹೊತ್ತು ಬಂದವರು ಬೆಂಕಿಪೊಟ್ಟಣ ಅಥವಾ ಲೈಟರು ಕೇಳಿದರೆ, “ಯಾವ ಕಡೆಗೆ ಹೊರಟಿರಿ ಸ್ವಾಮಿ?” ಎಂದು ವಿಚಾರಿಸುವುದು, ಕಾಡಿಗೆಂದರೆ ಕಾರಣವನ್ನು ಹೇಳಿ, ವಿನಯದಿಂದ ಕೊಡದಿರುವುದು, ಬೇಕೆಂದವರಿಗೆ ಅಸಲು ಬೆಲೆಗೆ ಒಂದು ಸೀಟಿಯನ್ನು ಕೊಡುವುದು.

ಕೆಲವರು ನಕ್ಕು ಪಕ್ಕದ ಅಂಗಡಿಗೆ ಹೋದರು. ಒಬ್ಬಿಬ್ಬರು ಸುಳ್ಳು ಹೇಳಿ ಕೊಂಡರು. ಕೆಲವರು ಸೀಟಿಯನ್ನೂ ಕೊಂಡರು. ಇದರಿಂದ ಕಾಡು ಉಳಿಯಿತೆಂದು ಅವರು ಹೇಳಿಕೊಳ್ಳುವುದಿಲ್ಲ. ಐವತ್ತು ವರ್ಷಗಳ ಹಿಂದೆ ಬಸ್ಸಿನಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಈಗ ದಿನಕ್ಕೆ ನಾಲ್ಕಾರು ಸಲ ಕೇಳುತ್ತಿದ್ದೇನೆ, ಅಷ್ಟೆ ಎನ್ನುತ್ತಾರೆ.

ವ್ರತವು ಲೋಕವನ್ನೆಲ್ಲ ತಿದ್ದುವ ಶಾಸನವಲ್ಲ. ತನ್ನ ಕೈಯಿಂದ ಏನು ಹೊರಡುತ್ತದೆಂಬುದನ್ನು ಗಮನಿಸುವ ಶಿಸ್ತು. ಬೇಸಗೆಯಲ್ಲಿ ಕಾಡಿನ ದಾರಿ ಹಿಡಿಯುವ ಶ್ರಾವಕ ಬಂಧುಗಳು ಹೊರಡುವ ಮುನ್ನ ಒಮ್ಮೆ ತಮ್ಮ ಚೀಲವನ್ನು ಬಿಚ್ಚಿ ನೋಡಲಿ. ಒಳಗಿರುವ ಪ್ರತಿಯೊಂದು ವಸ್ತುವಿಗೂ ಆ ಕ್ಷೇತ್ರದಲ್ಲಿ, ಆ ಕಾಲದಲ್ಲಿ ಅರ್ಥವಿದೆಯೇ ಎಂದು ಕೇಳಿಕೊಳ್ಳಲಿ. ಇಲ್ಲದುದನ್ನು ಮನೆಯಲ್ಲಿಯೇ ಬಿಟ್ಟು ಹೊರಡಲಿ.