ದೂರದ ಬೆಟ್ಟದಲ್ಲೊಂದು ಪ್ಲಾಟು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲ ಕಡೆಗೂ ಇದೆ. ಆದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ ಕಡೆಯವರಿಗೆ ಬೆಟ್ಟವೆಂದರೆ ಅದು ದೂರದ್ದೇ. ಕಾಗಿಣಾ ನದಿಯ ದಂಡೆಗೆ ನಿಂತು ಕಣ್ಣು ಹಾಯಿಸಿದರೆ ತೊಗರಿ ಹೊಲ, ಅದರಾಚೆ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ, ಅದರಾಚೆ ಮತ್ತೆ ತೊಗರಿ ಹೊಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 44 ಡಿಗ್ರಿ ಮುಟ್ಟಿದ ವರ್ಷಗಳುಂಟು. ಆಗ ನಮ್ಮ ಹೆಣ್ಣುಮಕ್ಕಳು ಹತ್ತು ಗಂಟೆಯೊಳಗೆ ರೊಟ್ಟಿ ಬಡಿದು, ಒಲೆ ಆರಿಸಿ, ಬಾಗಿಲು ಮುಂದಕ್ಕೆ ಎಳೆದು, ಬರಿ ನೆಲದ ಮೇಲೆ ಮಲಗಿಬಿಡುತ್ತಾರೆ. ಅಂಥ ಹೊತ್ತಿನಲ್ಲಿ 'ಎಲ್ಲಾದರೂ ತಂಪಾದ ಊರಿನಲ್ಲಿ ಒಂದು ತುಂಡು ಜಾಗ ಇದ್ದಿದ್ದರೆ' ಎಂದು ಯಾರಿಗಾದರೂ ಅನಿಸಿದರೆ ತಪ್ಪೇನೂ ಇಲ್ಲ.

ನಮ್ಮ ಮನೆಯಲ್ಲಿ ಆ ಆಸೆ ಹುಟ್ಟಿದ್ದು ಮಗನಿಗೆ. ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಒಂದು ಜನವರಿಯಲ್ಲಿ ಗೆಳೆಯರ ಜೊತೆ ಉತ್ತರಾಖಂಡದ ಔಲಿಗೆ ಹೋಗಿಬಂದ. ಹಿಮದ ಇಳಿಜಾರಿನಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜಾರುವ ಆಟ, ಅದೇ ಸ್ಕೀಯಿಂಗ್, ಅಲ್ಲಿ ಆಡುತ್ತಾರೆ. ಅವನು ಜಾರಿದ್ದು ಸ್ವಲ್ಪ, ಬಿದ್ದದ್ದು ಬಹಳ. ಎರಡನ್ನೂ ಫೋನಿನಲ್ಲಿ ತೋರಿಸಿದ. ಅಲ್ಲಿಯ ತನಕ ಎಲ್ಲಾ ಚಂದವೇ ಇತ್ತು. ಊಟವಾದ ಮೇಲೆ ಮೆಲ್ಲಗೆ ಮಾತು ತೆಗೆದ.

"ಅವ್ವಾ, ಈ ಬಿಸಿಲಾಗ ಯಾಕ ಸುಡ್ತಿ? ಸೇಡಂ ಪ್ಲಾಟ್ ಮಾರಿಬಿಡೋಣು. ನಿನ್ನ ರಿಟೈರ್‌ಮೆಂಟ್ ರೊಕ್ಕದಾಗ ಒಂದಿಷ್ಟು ಹಾಕು, ನಂದೊಂದಿಷ್ಟು ಹಾಕ್ತೀನಿ. ಔಲಿ ಹತ್ತಿರ ಜಾಗ ತಗೊಂಡು ಮನಿ ಕಟ್ಟೋಣು. ಥಂಡಿ ದಿನದಾಗ ಸ್ಕೀಯಿಂಗ್‌ಗೆ ಬರೋ ಮಂದಿಗಿ ಬಾಡಿಗಿ ಕೊಡೋದು, ಬ್ಯಾಸಗ್ಯಾಗ ನೀನು ಅಪ್ಪ ಹೋಗಿ ಇರೋದು."

ಸೇಡಂ ಪ್ಲಾಟ್ ಎಂದು ಅವನು ಎರಡೇ ಶಬ್ದದಲ್ಲಿ ಹೇಳಿಬಿಟ್ಟ. ಅದು 30×40ರ ಒಂದು ಜಾಗ. ನನ್ನ ಪಗಾರದಲ್ಲಿ ತಿಂಗಳು ತಿಂಗಳು ಉಳಿಸಿ, ಕಂತಿನಲ್ಲಿ ಕಟ್ಟಿ, 1998ರಲ್ಲಿ ರಜಿಸ್ಟ್ರಿ ಮಾಡಿಸಿಕೊಂಡದ್ದು. "ಹೆಣ್ಮಗಳ ಹೆಸರಿಲೆ ಯಾಕ?" ಎಂದು ಮನೆಯ ಹಿರಿಯರು ಕೇಳಿದ್ದರು. ನಮ್ಮವರು ಏನೂ ಮಾತಾಡದೆ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ತವರಿನಲ್ಲಿ ನನ್ನ ಹೆಸರಿಗೆ ಏನೂ ಇರಲಿಲ್ಲ, ಗಂಡನ ಮನೆಯಲ್ಲಿಯೂ ಇಲ್ಲ. ಈ ಭೂಮಿಯ ಮೇಲೆ ನನ್ನ ಹೆಸರು ಬರೆದ ನೆಲ ಅಂತ ಇರುವುದು ಅದೊಂದೇ. ಹೀಗಾಗಿ ನಾನು ಕೂಡಲೇ 'ಹೂಂ' ಎನ್ನಲಿಲ್ಲ, 'ಉಹೂಂ' ಎಂದೂ ಅನ್ನಲಿಲ್ಲ. ಸಮಾಜ ವಿಜ್ಞಾನ ಕಲಿಸುವ ಮಾಸ್ತರಿಣಿಗೆ ನಕಾಶೆ ನೋಡದೆ ಉತ್ತರ ಹೇಳುವ ಅಭ್ಯಾಸವಿಲ್ಲ.

ನಿಜ ಹೇಳಬೇಕೆಂದರೆ ಆ ಸೀಮೆ ನನಗೆ ತೀರಾ ಅಪರಿಚಿತವೂ ಅಲ್ಲ. 2012ರ ಮೇ ತಿಂಗಳಲ್ಲಿ ನಾವು ಹನ್ನೆರಡು ಮಂದಿ ವಾಡಿ ಜಂಕ್ಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬದರಿ, ಕೇದಾರ ಯಾತ್ರೆ ಮಾಡಿದ್ದೆವು. ಕಲಬುರಗಿ ಕಡೆಯವರಿಗೆ ಕೇದಾರ ಎಂದರೆ ಬಲು ಹತ್ತಿರದ ಮಾತು. ಅಲ್ಲಿಯ ರಾವಲರು ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಅಷ್ಟು ಎತ್ತರದಲ್ಲಿ ಕನ್ನಡ ಮಾತು ಕಿವಿಗೆ ಬಿದ್ದಾಗ ನಮ್ಮ ಗುಂಪಿನ ಅಜ್ಜಿಯೊಬ್ಬರು ಅತ್ತೇಬಿಟ್ಟರು. ಹಿಮಾಲಯದಲ್ಲಿ ಕನ್ನಡಿಗರು ಹೋಗಿ ನೆಲೆ ನಿಂತದ್ದು ಹೊಸದೇನಲ್ಲ, ಹಳೆಯ ಸಂಗತಿಯೇ.

ಆದರೆ ಅವರು ಅಲ್ಲಿ ಇರುವ ರೀತಿಯನ್ನು ನೋಡಬೇಕು. ದೀಪಾವಳಿ ಮುಗಿಯುತ್ತಲೂ ಕೇದಾರದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಊಖಿಮಠಕ್ಕೆ ಇಳಿಯುತ್ತದೆ. ಬದರಿನಾಥನ ಚಳಿಗಾಲದ ಪೂಜೆ ಜೋಶಿಮಠದ ನರಸಿಂಹ ಗುಡಿಯಲ್ಲಿ. ಬದರಿಯ ಆಚೆ, ಗಡಿಗೆ ಹತ್ತಿರದ ಮಾಣಾ ಎಂಬ ಹಳ್ಳಿಯ ಜನರೂ ಹಿಮ ಬೀಳುವ ಮೊದಲು ದನಕರು ಹೊಡೆದುಕೊಂಡು ಕೆಳಗಿನ ಊರುಗಳಿಗೆ ಬಂದುಬಿಡುತ್ತಾರೆ. ದೇವರೇ ಆರು ತಿಂಗಳು ಮೇಲೆ, ಆರು ತಿಂಗಳು ಕೆಳಗೆ ಇರುವ ನಾಡು ಅದು. ಬೆಟ್ಟವನ್ನು ಬಲ್ಲವರು ಬೆಟ್ಟದ ಜೊತೆ ಹಟ ಮಾಡುವುದಿಲ್ಲ.

ಬದರಿಗೆ ಹೋಗುವಾಗ ನಾವು ಒಂದು ರಾತ್ರಿ ಜೋಶಿಮಠದಲ್ಲಿ ಇಳಿದುಕೊಂಡಿದ್ದೆವು. ಸುಮಾರು 6000 ಅಡಿ ಎತ್ತರದ ಊರು. ಔಲಿಗೆ ಮೇಲೇರುವ ದಾರಿ ಇಲ್ಲಿಂದಲೇ. ನಮಗೆ ಖೋಲಿ ಕೊಟ್ಟ ಮನೆಯ ಯಜಮಾನತಿ ನನ್ನ ವಾರಿಗೆಯವಳು. ನಮ್ಮ ದಖನಿ ಹಿಂದಿಗೆ ಅವಳು ನಕ್ಕಳು, ಅವಳ ಗಢವಾಲಿ ಹಿಂದಿಗೆ ನಾವು ನಕ್ಕೆವು. 'ಎಂಥ ಪುಣ್ಯವಂತಿ ನೀನು, ದಿನಾ ಹಿಮ ನೋಡ್ತೀಯಾ' ಎಂದೆ. ಅವಳು ಹೇಳಿದ್ದು ಇಷ್ಟು: ಚಳಿಗಾಲದಲ್ಲಿ ನಳದ ನೀರು ಹೆಪ್ಪುಗಟ್ಟುತ್ತದೆ, ಅದನ್ನು ಕಾಯಿಸಿ ಕರಗಿಸಬೇಕು; ದನಕ್ಕೆ ಹುಲ್ಲು ಬೆನ್ನ ಮೇಲೆ ಹೊತ್ತು ಏರಬೇಕು; ಮೊಣಕಾಲು ನಲವತ್ತಕ್ಕೇ ಮುಗಿದುಹೋಗಿವೆ. 'ಹಿಮ ನಿಮಗೆ ನೋಡಲಿಕ್ಕೆ ಬೆಹನ್‌ಜೀ, ನಮಗೆ ಎತ್ತಿ ಹಾಕಲಿಕ್ಕೆ' ಎಂದು ಚಹಾದ ಕಪ್ಪು ಮುಂದೆ ಇಟ್ಟಳು.

ಮರುವರ್ಷ, 2013ರ ಜೂನ್‌ನಲ್ಲಿ ಕೇದಾರದಲ್ಲಿ ಆದ ಜಲಪ್ರಳಯವನ್ನು ಯಾರೂ ಮರೆತಿಲ್ಲ. ಆಮೇಲೆ 2023ರ ಜನವರಿಯಲ್ಲಿ ಜೋಶಿಮಠದ ಗೋಡೆಗಳು ಬಿರುಕು ಬಿಟ್ಟವು. 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ನೂರಾರು ಕುಟುಂಬಗಳು ಆ ಥಂಡಿಯಲ್ಲಿ ಮನೆ ಬಿಟ್ಟು ಹೊರಬಂದವು. ಒಂದಕ್ಕೊಂದು ವಾಲಿಕೊಂಡಿದ್ದ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ಔಲಿಗೆ ಹೋಗುವ ತೂಗುತೊಟ್ಟಿಲ ದಾರಿಯನ್ನೂ ನಿಲ್ಲಿಸಿದರು. ಟಿ.ವಿ.ಯಲ್ಲಿ ಹೆಣ್ಣುಮಕ್ಕಳು ಪಾತ್ರೆ, ಹಾಸಿಗೆ ಹೊತ್ತು ಇಳಿಯುವುದನ್ನು ನೋಡುವಾಗ ಆ ಯಜಮಾನತಿಯ ಮುಖ ಹುಡುಕಿದೆ. ಈಗ ಆ ತಾಲ್ಲೂಕಿಗೆ ಜ್ಯೋತಿರ್ಮಠ ಎಂದು ಹಳೆಯ ಹೆಸರನ್ನೇ 2024ರಲ್ಲಿ ಮತ್ತೆ ಇಟ್ಟಿದ್ದಾರೆ. ಹೆಸರು ಬದಲಾದರೂ ನೆಲ ಅದೇ.

ಆ ನೆಲ ಎಂಥದು? ಹಿಂದೆಂದೋ ಗುಡ್ಡ ಕುಸಿದು ಬಂದು ನಿಂತ ಮಣ್ಣು, ಬಂಡೆಗಳ ರಾಶಿಯ ಮೇಲೆ ಆ ಊರು ಕಟ್ಟಿದೆ. ಅಡಿಯಲ್ಲಿ ಅಖಂಡವಾದ ಕಲ್ಲಿಲ್ಲ. ಈ ಮಾತನ್ನು 1976ರಲ್ಲಿಯೇ, ಗಢವಾಲದ ಕಮಿಷನರ್ ಆಗಿದ್ದ ಎಂ. ಸಿ. ಮಿಶ್ರಾ ಅವರ ಸಮಿತಿ ಬರೆದುಕೊಟ್ಟಿತ್ತು. ಇಲ್ಲಿ ಭಾರೀ ಕಟ್ಟಡ ಬೇಡ, ಬಂಡೆ ತೆಗೆಯಬೇಡಿ, ಗಿಡ ಕಡಿಯಬೇಡಿ ಎಂದು ಹೇಳಿತ್ತು. ಆಮೇಲೆ ಅಲ್ಲಿ ಹೋಟೆಲು ಬಂದವು, ರಸ್ತೆ ಬಂದವು. ಬಳಸಿದ ನೀರು ಹರಿದುಹೋಗಲು ಸರಿಯಾದ ಚರಂಡಿ ಇಲ್ಲದೆ ಅಲ್ಲೇ ಇಂಗಿತು.

ಇದನ್ನು ಓದುವಾಗ ನನಗೆ ನಮ್ಮ ಗೌಂಡಿಯ ನೆನಪಾಯಿತು. ಪ್ಲಾಟಿಗೆ ಕಂಪೌಂಡು ಕಟ್ಟಿಸಿ, ಎರಡು ಖೋಲಿಯ ಪಾಯ ತೋಡಿಸುವಾಗ ನಾಲ್ಕಡಿಗೆ ಸಾಕು ಎಂದಿದ್ದೆ. ಅವನು ಒಪ್ಪಲಿಲ್ಲ. "ಎರಿ ಮಣ್ಣು ನಂಬಬ್ಯಾಡ್ರಿ ಟೀಚರ್ರಿ. ಮಳಿಗಾಲಕ್ಕ ಉಬ್ತದ, ಬ್ಯಾಸಗಿಗಿ ಬಿರೀತದ. ಕಲ್ಲು ಹತ್ತೋತನಕ ತೋಡೋಣ್ರಿ" ಎಂದ. ಏಳಡಿಗೆ ಪರಸಿ ಹತ್ತಿತು. ಪರಸಿ ಎಂದರೆ ನೀವೆಲ್ಲ ಶಹಾಬಾದಿ ಕಲ್ಲು ಎನ್ನುತ್ತೀರಲ್ಲ, ಅದೇ ಸುಣ್ಣದ ಕಲ್ಲು. ನಿಮ್ಮ ಹಿತ್ತಲಿನ ಹಾಸುಗಲ್ಲು, ಅಡಿಗೆ ಮನೆಯ ಕಟ್ಟೆ, ಶಾಲೆಯ ಪಡಸಾಲೆ, ಎಷ್ಟೋ ಊರುಗಳ ರೈಲು ನಿಲ್ದಾಣ, ಎಲ್ಲಕ್ಕೂ ನಮ್ಮ ನೆಲದಿಂದಲೇ ಹೋದದ್ದು. ವಾಡಿ, ಸೇಡಂ, ಮಳಖೇಡದ ಫ್ಯಾಕ್ಟರಿಗಳಲ್ಲಿ ಸಿಮೆಂಟ್ ಆಗುವುದೂ ಇದೇ ಕಲ್ಲೇ. ಊರವರ ಮನೆಗೆಲ್ಲ ಪಾಯ ಕೊಟ್ಟ ಸೀಮೆಯಲ್ಲಿ ಹುಟ್ಟಿ, ಪಾಯವೇ ಇಲ್ಲದ ಜಾಗಕ್ಕೆ ಬೆಲೆ ಕೊಡಲು ಹೊರಟೆವಲ್ಲ ಎಂದು ನಗು ಬಂತು.

ಮಗನಿಗೆ ಇದನ್ನೆಲ್ಲ ಹೇಳಿದೆ. "ಹಂಗಾರ ಮನಾಲಿ ನೋಡೋಣು" ಎಂದ. ನೋಡಿದೆವು. ಹಿಮಾಚಲದಲ್ಲಿ 1972ರ ಕಾಯ್ದೆಯ 118ನೇ ಕಲಮು ಅಡ್ಡ ನಿಂತಿದೆ. ಆ ರಾಜ್ಯದ ರೈತನಲ್ಲದವನಿಗೆ, ಸರ್ಕಾರದ ಅಪ್ಪಣೆ ಇಲ್ಲದೆ, ಅಲ್ಲಿ ಭೂಮಿ ಇಲ್ಲ. ಉತ್ತರಾಖಂಡದಲ್ಲಿಯೂ ನಗರದ ಮಿತಿಯ ಹೊರಗೆ ಹೊರರಾಜ್ಯದವರು ಮನೆಗೆಂದು 250 ಚದರ ಮೀಟರಿಗಿಂತ ಹೆಚ್ಚು ಕೊಳ್ಳುವಂತಿಲ್ಲ. ನಮ್ಮ 30×40ರ ಎರಡು ಪ್ಲಾಟಿಗಿಂತ ತುಸು ಜಾಸ್ತಿ ಅಷ್ಟೆ. 2025ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, 13 ಜಿಲ್ಲೆಗಳ ಪೈಕಿ 11ರಲ್ಲಿ ಕೃಷಿ, ತೋಟದ ಭೂಮಿ ಹೊರಗಿನವರಿಗೆ ಇಲ್ಲ ಎಂದರು. "ಇದೆಂಥ ಅನ್ಯಾಯ, ಒಂದೇ ದೇಶ ಅಲ್ಲೇನು?" ಎಂದು ಮಗ ಸಿಟ್ಟಾದ.

ನನಗೆ ಸಿಟ್ಟು ಬರಲಿಲ್ಲ. ನಮ್ಮ ಕರ್ನಾಟಕದಲ್ಲಿಯೂ ರೈತರಲ್ಲದವರು ಹೊಲ ಕೊಳ್ಳಬಾರದೆಂದು 1961ರ ಭೂಸುಧಾರಣಾ ಕಾಯ್ದೆಯಲ್ಲಿ ನಿರ್ಬಂಧವಿತ್ತು. 2020ರಲ್ಲಿ ಅದನ್ನು ತೆಗೆದರು. ಬೆಟ್ಟದವರ ಭಯ ನನಗೆ ತಿಳಿಯುತ್ತದೆ. ಹಣವುಳ್ಳ ಹೊರಗಿನವರು ನೋಟ ಚಂದವೆಂದು ಬಂದು ಕೊಳ್ಳುತ್ತಾರೆ, ವರ್ಷದಲ್ಲಿ ಹದಿನೈದು ದಿನ ಇರುತ್ತಾರೆ, ಉಳಿದ ದಿನ ಬೀಗ. ಅಮೆರಿಕದ ಕೊಲರಾಡೊದಲ್ಲಿ ಆಸ್ಪೆನ್ ಎಂಬ ಹೆಸರುವಾಸಿ ಸ್ಕೀಯಿಂಗ್ ಊರಿದೆ. ಅಲ್ಲಿ ಶ್ರೀಮಂತರು ಕೊಂಡು ಕೊಂಡು ಮನೆಯ ಬೆಲೆ ಎಷ್ಟು ಏರಿತೆಂದರೆ, ಅದೇ ಊರಿನ ಶಾಲೆಯ ಟೀಚರು, ಆಸ್ಪತ್ರೆಯ ನರ್ಸು, ಬಸ್ಸಿನ ಡ್ರೈವರು ಅಲ್ಲಿ ಮನೆ ಮಾಡುವುದು ಅಸಾಧ್ಯವಾಯಿತು. ಕೊನೆಗೆ ಊರಿನ ಆಡಳಿತವೇ ದುಡಿಯುವ ಜನಕ್ಕೆಂದು ಸುಮಾರು 3000 ಮನೆಗಳನ್ನು ಕಾದಿಡಬೇಕಾಯಿತು. ಸ್ವಿಟ್ಜರ್ಲೆಂಡಿನಲ್ಲಿ 2012ರಲ್ಲಿ ಜನ ಮತ ಹಾಕಿ, ಯಾವ ಊರಿನಲ್ಲಿಯೂ ಇಂಥ ಬೀಗದ ಮನೆಗಳು ನೂರಕ್ಕೆ ಇಪ್ಪತ್ತು ಮೀರಬಾರದೆಂದು ನಿರ್ಧರಿಸಿದರು. ನಾನು ಟೀಚರು. ಇನ್ನೊಂದು ಊರಿನ ಟೀಚರಮ್ಮನ ಮನೆಯ ಬಾಡಿಗೆ ಏರಿಸುವ ಮನೆ ನನಗೆ ಬೇಡವೆನಿಸಿತು.

ಬೀಗದ ಮನೆಯ ದುಃಖ ನಮಗೇನು ಹೊಸದೇ? ಚಿಂಚೋಳಿ ಕಡೆಯ ತಾಂಡಾಗಳಿಗೆ ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿ. ಮುಂಬೈ, ಹೈದರಾಬಾದ್ ಎಂದು ದುಡಿಯಲು ಹೋದವರ ಬಾಗಿಲುಗಳಿಗೆ ಬೀಗ ಜೋತುಬಿದ್ದಿರುತ್ತದೆ. ಜಗುಲಿಯ ಮೇಲೆ ಮುದುಕರು, ನನ್ನಂಥವರ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು. ಹೊಟ್ಟೆಗಾಗಿ ಬೀಗ ಹಾಕಿದ ಮನೆ ಒಂದು, ಮೋಜಿಗಾಗಿ ಬೀಗ ಹಾಕಿದ ಮನೆ ಇನ್ನೊಂದು. ಊರಿಗೆ ಮಾತ್ರ ಎರಡೂ ಕತ್ತಲೆಯೇ.

ಹಾಗೆಂದು ನಮ್ಮ ಊರನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ಗಿಡದ ಎಲೆಯ ಮೇಲೆ ಬಿಳಿ ದೂಳು ಕೂಡುತ್ತದೆ, ಬೋರಿನ ನೀರು ಗಡಸು, ಬಿಸಿಲಂತೂ ಹೇಳುವುದೇ ಬೇಡ. ತಂಪು ಬೇಕೆನಿಸಿದರೆ ನಾವು ಚಿಂಚೋಳಿಯ ಕಾಡಿಗೆ ಹೋಗುತ್ತೇವೆ. ಚಂದ್ರಂಪಳ್ಳಿಯ ಕೆರೆಯ ದಂಡೆಗೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದು, ಗುಡ್ಡದ ಗಾಳಿ ಕುಡಿದು, ಸಂಜೆ ಬಸ್ಸಿಗೆ ತಿರುಗಿ ಬರುತ್ತೇವೆ. 2011ರಿಂದ ಅದು ವನ್ಯಜೀವಿ ಧಾಮ. ಅಲ್ಲಿ ಯಾರೂ ಪ್ಲಾಟು ಹಾಕುವಂತಿಲ್ಲ, ಅದಕ್ಕೇ ಅದು ಇನ್ನೂ ತಂಪಾಗಿದೆ. ನೋಡಿದ್ದನ್ನೆಲ್ಲ ಕೊಳ್ಳಬೇಕೆಂದಿಲ್ಲ. ಮಗನಿಗೂ ಅದನ್ನೇ ಹೇಳಿದೆ: ಹಿಮದ ಮೇಲೆ ಅಷ್ಟು ಪ್ರೀತಿ ಇದ್ದರೆ ರಜೆ ಹಾಕಿ ಹೋಗು, ಅಲ್ಲಿ ಸರ್ಕಾರದ ಪ್ರವಾಸ ನಿಗಮ ಸ್ಕೀಯಿಂಗ್ ಕಲಿಸುತ್ತದೆ, ಸರಿಯಾಗಿ ಕಲಿ. ಅಲ್ಲಿಯ ಹೆಣ್ಣುಮಗಳೊಬ್ಬಳ ಮನೆಯಲ್ಲಿ ಬಾಡಿಗೆ ಕೊಟ್ಟು ಇರು. ನಿನ್ನ ರೊಕ್ಕ ಅವಳ ಒಲೆಗೆ ಹೋಗಲಿ.

ಅವನು ಒಪ್ಪಿದ ಎನ್ನಲಾರೆ. "ನಿಮ್ಮ ಕಾಲದವರಿಗೆ ಧೈರ್ಯ ಇಲ್ಲ" ಎಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಹೋಗುವಾಗ ಮಾತ್ರ, "ಆ ಪ್ಲಾಟಿನಾಗ ಕಟ್ಟೋದಿದ್ರ ಮ್ಯಾಲ ನನಗೊಂದು ಖೋಲಿ ಇಡು" ಎಂದ. ಅಷ್ಟು ಸಾಕು.

ನನ್ನ ಓದುಗ ಅಕ್ಕತಂಗಿಯರೇ, ನಮ್ಮ ಕೈಗೆ ನಾಲ್ಕು ಕಾಸು ಬರುವುದೇ ತಡವಾಗಿ. ಪಿಂಚಣಿಯ ಹೊತ್ತಿಗೆ, ಮಕ್ಕಳ ಮದುವೆ ಮುಗಿದ ಹೊತ್ತಿಗೆ. ಆಗ ಯಾರೋ ಒಬ್ಬರು ಬಣ್ಣದ ಕಾಗದ ಹಿಡಿದು ಬರುತ್ತಾರೆ; ಬೆಟ್ಟದ ಚಿತ್ರ, ಮೋಡದ ಚಿತ್ರ. ನಿಮ್ಮ ಹೆಸರಿಗೆ ನೆಲ ಮಾಡಿಕೊಳ್ಳಿ, ಖಂಡಿತ ಮಾಡಿಕೊಳ್ಳಿ. ಆದರೆ ಕಿಟಕಿಯಿಂದ ಏನು ಕಾಣುತ್ತದೆ ಎನ್ನುವುದನ್ನು ಕೊನೆಗೆ ಕೇಳಿ. ಮೊದಲು ಅಡಿಯಲ್ಲಿ ಏನಿದೆ ಎಂದು ಕೇಳಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ವರ್ಷದಲ್ಲಿ ಎಷ್ಟು ದಿನ ನೀವು ಅಲ್ಲಿ ಒಲೆ ಹಚ್ಚುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕಡೆಗೆ, ನಡುರಾತ್ರಿ ಎದೆ ನೋವು ಬಂದರೆ ಗೋಡೆ ತಟ್ಟಿ ಯಾರನ್ನು ಕರೆಯುತ್ತೀರಿ ಎಂದು ಯೋಚಿಸಿ.

ಈ ದಸರೆಯ ನಂತರ ನನ್ನ ಎರಡು ಖೋಲಿಗೆ ಗೋಡೆ ಏರಿಸಬೇಕೆಂದಿದ್ದೇನೆ. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿರಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಪರಸಿಯನ್ನೇ ಹೇಳಿಟ್ಟಿದ್ದೇನೆ. ಮೇ ತಿಂಗಳ ಮಧ್ಯಾಹ್ನ ಒಂದು ಕೊಡ ನೀರು ಚೆಲ್ಲಿ, ಒರೆಸಿ, ಬೆನ್ನು ಹಚ್ಚಿ ಮಲಗಿದರೆ ತಂಪು ಅಡಿಯಿಂದಲೇ ಬರುತ್ತದೆ.