ಮೌಂಟ್ರೇಲಿನ ಮಣ್ಣು

ಅಮೆರಿಕದ ಮುಸ್ಲಿಮರ ಚರಿತ್ರೆ ಹೇಳುವವರು ಒಂದು ಪುಟ್ಟ ಊರಿನ ಹೆಸರನ್ನು ಅಭಿಮಾನದಿಂದ ಎತ್ತುತ್ತಾರೆ: ಉತ್ತರ ಡಕೋಟಾ ರಾಜ್ಯದ ರಾಸ್. ಮಸೀದಿಗೆಂದೇ ಕಟ್ಟಿಸಿದ ಆ ದೇಶದ ಮೊದಮೊದಲ ಕಟ್ಟಡಗಳಲ್ಲೊಂದು 1929ರಲ್ಲಿ ಅಲ್ಲಿ ಎದ್ದಿತು. ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕಿನ ಮಸೀದಿ (1921) ಮೊದಲನೆಯದೋ, ಸೀಡರ್ ರಾಪಿಡ್ಸಿನದು (1934) ಹೆಚ್ಚಿನದೋ ಎಂಬ ಚರ್ಚೆಯೂ ಇದೆ. ಆ ಪೈಪೋಟಿ ನನಗೆ ಬೇಕಿಲ್ಲ. ಕತೆ ಬರೆಯುವವಳಾದ ನನಗೆ ಮಸೀದಿಗಿಂತ ಅದು ನಿಂತ ನೆಲದ ಮೇಲೆಯೇ ಕುತೂಹಲ. ಆ ನೆಲ ಮೌಂಟ್ರೇಲ್ ಕೌಂಟಿಗೆ ಸೇರಿದ್ದು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ನಾನು ಅಲ್ಲಿಗೆ ಹೋದವಳಲ್ಲ. ಭೂಪಟ, ಜನಗಣತಿಯ ಪಟ್ಟಿ, ಹಳೆಯ ಸಂದರ್ಶನಗಳ ಮೂಲಕ ಅದನ್ನು ಓದಿದವಳು.

ಸುಮಾರು 5,000 ಚದರ ಕಿಲೋಮೀಟರ್ ವಿಸ್ತಾರ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 9,809 ಮಂದಿ. ಮರಗಳೇ ವಿರಳವಾದ ಹುಲ್ಲುಗಾವಲು, ಹಿಮಯುಗದ ಹಿಮರಾಶಿ ಬಿಟ್ಟುಹೋದ ದಿಬ್ಬಗಳು, ನಡುನಡುವೆ ನೀರು ನಿಂತ ಹೊಂಡಗಳು, ದಕ್ಷಿಣಕ್ಕೆ ಮಿಸೌರಿ ನದಿ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ಅಲ್ಲಿಯವರಿಗೆ ಹೊಸತಲ್ಲ. ಗ್ರೇಟ್ ನಾರ್ದರ್ನ್ ಕಂಪೆನಿಯ ರೈಲು ಹಾದಿಯ ಗುಂಟ ಊರುಗಳು ಹುಟ್ಟಿದವು. ಆಡಳಿತ ಕೇಂದ್ರ ಸ್ಟ್ಯಾನ್ಲಿ, ಅದರ ಪಶ್ಚಿಮಕ್ಕೆ ರಾಸ್. ಇಂದಿನ ರೂಪದ ಕೌಂಟಿ 1909ರದು. ಟಪಾಲು ಹೊರುತ್ತಿದ್ದ ಜೋಸೆಫ್ ಮೌಂಟ್ರೇಲ್ ಎಂಬ ಮಿಶ್ರ ರಕ್ತದ ಮನುಷ್ಯನ ಹೆಸರನ್ನು ಅದಕ್ಕೆ ಇಟ್ಟರು. ಸೇನಾಪತಿಗಳ, ಅಧ್ಯಕ್ಷರ ಹೆಸರು ಹೊತ್ತ ಕೌಂಟಿಗಳ ನಡುವೆ ಒಬ್ಬ ಅಂಚೆಯಾಳು! ಇದು ನನಗೆ ಬಹಳ ಹಿಡಿಸಿತು.

ಇಂಥ ಕಡೆಗೆ ಅರಬರು ಯಾಕೆ ಬಂದರು? ಭೂಮಿಗಾಗಿ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆ ನೆಲದಲ್ಲಿ ಐದು ವರ್ಷ ನೆಲೆಸಿ ಉತ್ತವನಿಗೆ ಅದು ಸ್ವಂತವಾಗುತ್ತಿತ್ತು. 1912ರಲ್ಲಿ ಆ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿದರು. ಉಸ್ಮಾನಿ ಸಾಮ್ರಾಜ್ಯದ ಸಿರಿಯಾದಿಂದ, ಅಂದರೆ ಇಂದಿನ ಲೆಬನಾನಿನ ಬೀರೆಯಂಥ ಹಳ್ಳಿಗಳಿಂದ, ಬಂದವರು ಮೊದಲು ಗಂಟು ಹೊತ್ತು ಮನೆಮನೆಗೆ ಸಾಮಾನು ಮಾರಿದರು. 20ನೆಯ ಶತಮಾನದ ಆರಂಭದಲ್ಲಿ ರಾಸ್ ಸುತ್ತ ನೇಗಿಲು ಹಿಡಿದರು. 1939ರಲ್ಲಿ ಸರಕಾರದ ಯೋಜನೆಯೊಂದರಡಿ ಈ ರೈತರ ಸಂದರ್ಶನ ನಡೆಯಿತು. ಅವರಲ್ಲೊಬ್ಬರಾದ ಮೇರಿ ಜುಮಾ ಎಂಬ ಮಹಿಳೆ, ಮಸೀದಿ ಆಗುವ ಮೊದಲು ಮನೆಗಳಲ್ಲೇ ಸೇರಿ ನಮಾಝ್ ಮಾಡುತ್ತಿದ್ದುದನ್ನೂ ಉಪವಾಸದ ತಿಂಗಳು ಮುಗಿದ ಮೇಲೆ ಒಬ್ಬರ ಮನೆಗೊಬ್ಬರು ಹೋಗಿ ಉಣ್ಣುತ್ತಿದ್ದುದನ್ನೂ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಬರೆದುಕೊಂಡ ಆ ಮಾತಿನಲ್ಲಿ ಮಸೀದಿ 'ಚರ್ಚ್' ಆಗಿದೆ!

ಆದರೆ ನೆಲ ಸಿಗಬೇಕಾದರೆ ಪೌರನಾಗಿರಬೇಕು, ಇಲ್ಲವೇ ಪೌರನಾಗುತ್ತೇನೆಂದು ಘೋಷಿಸಿರಬೇಕು. ವಲಸೆ ಬಂದವರಲ್ಲಿ ಪೌರತ್ವ ಸಿಗುತ್ತಿದ್ದುದು ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ. ಸಿರಿಯಾದವರು ಬಿಳಿಯರೇ? 1915ರಲ್ಲಿ ಜಾರ್ಜ್ ಡೌ ಎಂಬ ಸಿರಿಯನ್ ಕ್ರೈಸ್ತನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಹೌದು ಎಂದಿತು. 1923ರಲ್ಲಿ ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್‌ಗೆ (ಇವರು ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ) ಸುಪ್ರೀಂ ಕೋರ್ಟು ಅಲ್ಲ ಎಂದಿತು. ಮೈಬಣ್ಣಕ್ಕೂ ಹಕ್ಕುಪತ್ರಕ್ಕೂ ಹೀಗೆ ಗಂಟುಬಿದ್ದಿತ್ತು. ಮುಂದೆ 1924ರ ವಲಸೆ ಕಾಯ್ದೆ ಸಿರಿಯಾಕ್ಕೆ ವರ್ಷಕ್ಕೆ ನೂರೇ ಜನರ ಮಿತಿ ಹಾಕಿತು. ಅಂದರೆ ರಾಸಿನವರು ಅರ್ಧ ನೆಲದೊಳಗೆ ಇಳಿದ ಆ ಸಣ್ಣ ಮಸೀದಿಯನ್ನು ಕಟ್ಟುವ ಹೊತ್ತಿಗೆ ಹೊಸಬರು ಬರುವ ಬಾಗಿಲು ಮುಚ್ಚಿ ಐದು ವರ್ಷವಾಗಿತ್ತು. ಹಿಂದೆಯೇ ಆರ್ಥಿಕ ಕುಸಿತ, ಬರಗಾಲ. 1930ರಲ್ಲಿ 13,500 ದಾಟಿದ್ದ ಕೌಂಟಿಯ ಜನಸಂಖ್ಯೆ 2000ದಲ್ಲಿ 6,631ಕ್ಕೆ ಇಳಿಯಿತು. ಮಕ್ಕಳು ಬೇರೆ ಊರು ಸೇರಿದರು, ಬೇರೆ ಧರ್ಮದವರನ್ನು ಮದುವೆಯಾದರು, ಅರಬಿ ಮರೆತರು. 1970ರ ದಶಕದ ಕೊನೆಗೆ ಮಸೀದಿಯನ್ನು ಕೆಡವಲಾಯಿತು.

ನಮ್ಮವರು ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸಿಲ್ಲ. ಸರಕಾರ ಹಂಚಿದ ಆ ನೆಲ ಅದಕ್ಕೆ ಎಲ್ಲಿಂದ ಬಂತು?

ಮಿಸೌರಿಯ ದಂಡೆಯಲ್ಲಿ ಮ್ಯಾಂಡನ್, ಹಿಡಾಟ್ಸಾ, ಅರಿಕರಾ ಜನ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು. ಅವರು ಅಲೆಮಾರಿಗಳಲ್ಲ, ಮಣ್ಣಿನ ಮನೆ ಕಟ್ಟಿ ಕೂತ ಒಕ್ಕಲು ಮಕ್ಕಳು. 1837ರ ಸಿಡುಬು ಮ್ಯಾಂಡನ್ನರನ್ನು ಬಹುಪಾಲು ಅಳಿಸಿತು. 1851ರ ಒಪ್ಪಂದದಲ್ಲಿ ಈ ಮೂರು ಬುಡಕಟ್ಟುಗಳದ್ದೆಂದು ಗುರುತಿಸಿದ್ದ ನೆಲ 1 ಕೋಟಿ 20 ಲಕ್ಷ ಎಕರೆ. ಆಮೇಲೆ ಅದು ಕತ್ತರಿಸುತ್ತಾ ಹೋಗಿ ಸುಮಾರು 10 ಲಕ್ಷ ಎಕರೆಯ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶವಾಗಿ ಉಳಿಯಿತು. ಮೌಂಟ್ರೇಲಿನ ದಕ್ಷಿಣ ಭಾಗ ಅದರೊಳಗೇ ಇದೆ. 1910ರ ಕಾಯ್ದೆ ಆ ಮೀಸಲಿನ ಒಂದು ಪಾಲನ್ನೂ ಹೊರಗಿನ ಒಕ್ಕಲಿಗರಿಗೆ ತೆರೆಯಿತು.

ಅಷ್ಟಕ್ಕೂ ಮುಗಿಯಲಿಲ್ಲ. 1947ರಲ್ಲಿ ಗ್ಯಾರಿಸನ್ ಅಣೆಕಟ್ಟಿನ ಕೆಲಸ ಶುರುವಾಯಿತು. 1948ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಅಧಿಕಾರಿಗಳು ಒಪ್ಪಂದಕ್ಕೆ ಸಹಿ ಹಾಕುವಾಗ ಬುಡಕಟ್ಟು ಮಂಡಳಿಯ ಅಧ್ಯಕ್ಷ ಜಾರ್ಜ್ ಜಿಲೆಟ್ ಕನ್ನಡಕ ಹಿಡಿದ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿರುವ ಛಾಯಾಚಿತ್ರವಿದೆ. ಸುತ್ತ ಸೂಟು ತೊಟ್ಟವರು ಕಾಗದ ನೋಡುತ್ತಿದ್ದಾರೆ. ಮೀಸಲಿನ 1.5 ಲಕ್ಷ ಎಕರೆ ನೀರಿನಡಿಗೆ ಹೋಯಿತು. ಅದು ನದೀಪಾತ್ರದ ಕಪ್ಪು ಮಣ್ಣು, ಇದ್ದುದರಲ್ಲೇ ಒಳ್ಳೆಯ ಮಣ್ಣು. ಸ್ಯಾನಿಶ್, ವ್ಯಾನ್ ಹುಕ್ ಎಂಬ ಊರುಗಳಿಗೆ ಬದಲಾಗಿ ಗುಡ್ಡದ ಮೇಲೆ ಕಟ್ಟಿದ ಊರಿಗೆ 'ನ್ಯೂ ಟೌನ್' ಎಂದರು. ಹೆಸರಿಡುವಷ್ಟೂ ವ್ಯವಧಾನ ಇರಲಿಲ್ಲವೋ ಏನೋ. ಜಲಾಶಯಕ್ಕೆ ಮಾತ್ರ, ಹಿಡಾಟ್ಸಾರ ನಡುವೆ ಬಾಳಿದ ಸಕಾಕವಿಯಾ ಎಂಬ ಹೆಣ್ಣುಮಗಳ ಹೆಸರನ್ನು ನೆನಪಿಟ್ಟು ಕೊಟ್ಟರು. ಮ್ಯಾಂಡನ್ ಭಾಷೆಯನ್ನು ತಾಯಿನುಡಿಯಾಗಿ ನಿರರ್ಗಳವಾಗಿ ಆಡುತ್ತಿದ್ದ ಕೊನೆಯವರು, ಎಡ್ವಿನ್ ಬೆನ್ಸನ್, 2016ರಲ್ಲಿ ತೀರಿಕೊಂಡರು. ಎರಡು ಭಾಷೆಗಳಲ್ಲಿ ಅಕ್ಷರ ಕಲಿತ ನನಗೆ ಈ ಸುದ್ದಿ ಓದಿದಾಗ ಮನಸ್ಸು ಕಹಿಯಾಯಿತು.

ಸಿರಿಯಾದ ರೈತರು ಯಾರ ಮನೆಯನ್ನೂ ಮುರಿಯಲಿಲ್ಲ, ನಿಜ. ಬಡವರು, ಕಾನೂನು ಕೊಟ್ಟದ್ದನ್ನು ಬೆವರು ಸುರಿಸಿ ತೆಗೆದುಕೊಂಡರು. ಆದರೂ 'ನಮ್ಮ ಮೊದಲ ಮಸೀದಿ' ಎಂದು ಬರೆಯುವ ಲೇಖನಗಳಲ್ಲಿ ಜಿಲೆಟ್ ಅವರ ಹೆಸರು ಬಾರದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

2006ರಲ್ಲಿ ಕೌಂಟಿಯ ಪಾರ್ಶಲ್ ಬಳಿ ಎಣ್ಣೆ ಸಿಕ್ಕಿತು. ಬಂಡೆಯನ್ನು ಅಡ್ಡಡ್ಡ ಕೊರೆದು, ನೀರು ನುಗ್ಗಿಸಿ ತೆಗೆಯುವ ಎಣ್ಣೆ. ಗಂಡಸರು ಸಾಲುಸಾಲಾಗಿ ಬಂದರು, ಬಾಡಿಗೆ ಏರಿತು, ಇಳಿಯುತ್ತಿದ್ದ ಜನಸಂಖ್ಯೆ ಮತ್ತೆ ಏರಿತು. 2014ರ ಕೊನೆಗೆ ಬೆಲೆ ಬಿದ್ದಾಗ ಹಲವರು ಹೊರಟೂ ಹೋದರು.

ಅದಕ್ಕೆ ಸ್ವಲ್ಪ ಮೊದಲು, 2005ರಲ್ಲಿ, ಹಳೆಯ ಕುಟುಂಬವೊಂದರ ಮಹಿಳೆಯ ಒತ್ತಾಸೆಯಿಂದ ರಾಸಿನ ಖಬರಸ್ತಾನದ ಪಕ್ಕ ಗುಮ್ಮಟವಿರುವ ಪುಟ್ಟ ಮಸೀದಿ ಮತ್ತೆ ಕಟ್ಟಲಾಯಿತು. ಐದು ಹೊತ್ತಿನ ಜಮಾತ್ ಅಲ್ಲಿಲ್ಲ. ಖಬರಸ್ತಾನದ ಕಬ್ಬಿಣದ ಕಮಾನಿನ ಮೇಲೆ ಚಂದ್ರ, ನಕ್ಷತ್ರ. ಒಳಗೆ ಜುಮಾ, ಒಮರ್, ಹಸನ್ ಎಂಬ ಹೆಸರಿನ ಕಲ್ಲುಗಳು. ಸುತ್ತ ಗೋಧಿ ಹೊಲ.